ಕುಡಿತ ಬಿಡುವವರ ಮೀಟಿಂಗ್: ಹುಡುಕುವುದು ಹೇಗೆ, ಹೋಗಿ ಕೂರುವುದು ಹೇಗೆ

ನಮ್ಮ ಭಾವನನ್ನು ಮೊದಲ ಸಲ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್‌ಗೆ ಕರೆದುಕೊಂಡು ಹೋದಾಗ ಗೇಟಿಗೆ ಬೀಗ ಹಾಕಿತ್ತು. ಭಾನುವಾರ ಸಂಜೆ ಆರೂವರೆ. ಇಂಟರ್‌ನೆಟ್ಟಿನ ಯಾವುದೋ ಹಳೇ ಪಟ್ಟಿಯಲ್ಲಿ ಆ ವಿಳಾಸ ಸಿಕ್ಕಿತ್ತು. ಒಂದು ಶಾಲೆಯ ಹಿಂದಿನ ರೂಮು. ವಾಚ್‌ಮನ್ ಬಂದು, "ಅವ್ರು ಇಲ್ಲಿಂದ ಹೋಗಿ ಎಷ್ಟೋ ತಿಂಗಳಾಯ್ತು ಸಾರ್" ಅಂದ. ಭಾವ ಏನೂ ಮಾತಾಡಲಿಲ್ಲ. ವಾಪಸ್ ಬರುವಾಗ ನಮ್ಮ ರಸ್ತೆಯ ತಿರುವಿನಲ್ಲಿ ಇಳಿದು, "ನೀನು ಹೋಗಿರು, ನಾನು ಹಾಲು ತಗೊಂಡು ಬರ್ತೀನಿ" ಅಂದರು.

ಅವತ್ತು ಮನೆಗೆ ಹಾಲು ಬರಲಿಲ್ಲ.

ಹೊರಡುವ ಮುಂಚೆ ನಾನು ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಮತ್ತೆ ಅವರನ್ನು ಹೊರಡಿಸುವುದಕ್ಕೆ ಐದು ವಾರ ಬೇಕಾಯಿತು. ಆ ಐದು ವಾರದಲ್ಲಿ ನಾನು ವಿಚಾರಿಸಿ ತಿಳಿದುಕೊಂಡಿದ್ದು, ಆಮೇಲೆ ಕಣ್ಣಾರೆ ನೋಡಿದ್ದು ಇಲ್ಲಿದೆ. ಭಾವ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ. ಆದರೆ ಮೀಟಿಂಗ್‌ನಲ್ಲಿ ಯಾರು ಏನು ಹೇಳಿದರು ಅನ್ನುವುದನ್ನು ಬರೆಯುವುದಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಇರಬೇಕು.

ದಿನಾ ಕುಡಿಯುವವರಾದರೆ ಮೊದಲು ಡಾಕ್ಟರು

ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ. ಬೆಳಗ್ಗೆ ಎದ್ದ ಕೂಡಲೇ ಒಂದು ಕ್ವಾರ್ಟರ್ ಬೇಕು, ಇಲ್ಲದಿದ್ದರೆ ಕೈ ನಡುಗುತ್ತೆ ಅನ್ನುವ ಹಂತದಲ್ಲಿದ್ದರೆ "ಇವತ್ತಿಂದ ಬಿಟ್ಟೆ" ಅಂತ ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ಕೊನೆಯ ಸಲ ಕುಡಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ವಾಂತಿ, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಗೋಡೆ ಮೇಲೆ ಹುಳ ಹರಿದಂತಾಗುತ್ತದೆ, ಎಲ್ಲಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ. ಇದರಿಂದ ಜೀವ ಹೋಗುವುದೂ ಉಂಟು. ಹೀಗಾದರೆ 108ಕ್ಕೆ ಫೋನ್ ಮಾಡಿ. "ದೆವ್ವ ಹಿಡಿದಿದೆ" ಅಂತ ಯಂತ್ರ ಕಟ್ಟಿಸುತ್ತಾ ಕೂರಬೇಡಿ.

ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗ ಇದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನುವ ಮನೋರೋಗ ಆಸ್ಪತ್ರೆ ಇದೆ. ಉಳಿದ ಕಡೆ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಬಹುದು. ಎಲ್ಲಿಗೆ ಹೋಗಬೇಕು ಅಂತಲೇ ಗೊತ್ತಿಲ್ಲದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿ ಎರಡು ಗಂಟೆಗೂ ಎತ್ತುತ್ತಾರೆ. ವ್ಯಸನಕ್ಕೇ ಅಂತ ಇರುವ ಕೇಂದ್ರ ಸರ್ಕಾರದ ಸಹಾಯವಾಣಿ 14446.

ಡಾಕ್ಟರು ಕೊಡುವ ಮಾತ್ರೆ ಮತ್ತು ಮೀಟಿಂಗ್ ಒಂದಕ್ಕೊಂದು ಅಡ್ಡ ಬರುವುದಿಲ್ಲ. ಮೈಯೊಳಗಿನ ಮದ್ಯ ಇಳಿಸುವ ಕೆಲಸ ಆಸ್ಪತ್ರೆಯದು. ಇಳಿದ ಮೇಲೆ ಮುಂದಿನ ಶನಿವಾರ ಸಂಜೆ ಏನು ಮಾಡಬೇಕು ಅನ್ನುವ ಪ್ರಶ್ನೆಗೆ ಮೀಟಿಂಗ್.

ಇನ್ನೊಂದು ಮಾತು. "ಗೊತ್ತಾಗದಂತೆ ಊಟದಲ್ಲಿ ಬೆರೆಸಿ, ಕುಡಿತ ಬಿಡಿಸಿ" ಅಂತ ಗೋಡೆಗಳ ಮೇಲೆ ಬರೆದಿರುತ್ತಾರಲ್ಲ, ಆ ಪುಡಿ ಬೇಡವೇ ಬೇಡ. ಕುಡಿದರೆ ಮೈಗೆ ಆಗದಂತೆ ಮಾಡುವ ಔಷಧಿ ಇರುವುದು ನಿಜ. ಆದರೆ ಅದನ್ನು ಡಾಕ್ಟರು ಕೊಡುವುದು ಪರೀಕ್ಷೆ ಮಾಡಿ, ರೋಗಿಗೆ ಹೇಳಿ. ಗೊತ್ತಿಲ್ಲದೆ ಅದರ ಮೇಲೆ ಕುಡಿದವರ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಬರಬಹುದು.

ಯಾವ ಮೀಟಿಂಗ್ ಇದು

ಎಎ ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಕುಡಿತ ಬಿಟ್ಟವರು, ಬಿಡಬೇಕು ಅಂದುಕೊಂಡವರು ವಾರವಾರ ಸೇರಿ ತಮ್ಮ ಕಥೆ ಹೇಳಿಕೊಳ್ಳುತ್ತಾರೆ, ಅಷ್ಟೇ. ಡಾಕ್ಟರಿಲ್ಲ, ಕೌನ್ಸೆಲರ್ ಇಲ್ಲ, ಭಾಷಣ ಮಾಡುವ ಸ್ವಾಮೀಜಿ ಇಲ್ಲ.

ಇದು ಶುರುವಾಗಿದ್ದೂ ಫೋನಿನಿಂದಲೇ. 1935ರಲ್ಲಿ ಬಿಲ್ ವಿಲ್ಸನ್ ಅನ್ನುವ ಷೇರು ವ್ಯವಹಾರದ ಮನುಷ್ಯ ಅಮೆರಿಕದ ಆಕ್ರನ್ ಊರಿಗೆ ಹೋಗಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಹೋದ ವ್ಯವಹಾರ ಕೆಟ್ಟಿತು. ಹೋಟೆಲಿನ ಒಂದು ಕಡೆ ಬಾರು, ಇನ್ನೊಂದು ಕಡೆ ಫೋನು. ಅವನು ಚರ್ಚುಗಳ ನಂಬರಿಗೆ ಫೋನ್ ಹಚ್ಚಿ, ಮಾತಾಡೋಕೆ ಇನ್ನೊಬ್ಬ ಕುಡುಕ ಯಾರಾದರೂ ಸಿಗ್ತಾರಾ ಅಂತ ಹುಡುಕಿದ. ಹಾಗೆ ಸಿಕ್ಕಿದವರು ಡಾಕ್ಟರ್ ಬಾಬ್ ಸ್ಮಿತ್. ಹದಿನೈದೇ ನಿಮಿಷ ಅಂತ ಕೂತವರು ಗಂಟೆಗಟ್ಟಲೆ ಮಾತಾಡಿದರು. ಬಾಬ್ ಕೊನೆಯ ಸಲ ಕುಡಿದ ದಿನ ಅಂತ ಹೇಳುವ 1935ರ ಜೂನ್ 10ನ್ನೇ ಎಎ ಹುಟ್ಟಿದ ದಿನ ಅನ್ನುತ್ತಾರೆ.

ಸೇರುವುದಕ್ಕೆ ಫೀಸಿಲ್ಲ, ಅರ್ಜಿ ಇಲ್ಲ. ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಬಿಟ್ಟಿರಲೇಬೇಕು ಅಂತಿಲ್ಲ, ಆಸೆ ಇದ್ದರಾಯಿತು.

ಹುಡುಕುವುದು

ಮೊಬೈಲಿನಲ್ಲಿ ಸುಮ್ನೆ "ಕುಡಿತ ಬಿಡಿಸುವುದು" ಅಂತ ಹಾಕಿದರೆ ಮೇಲೆ ಬರುವುದೆಲ್ಲ ಖಾಸಗಿ ವ್ಯಸನಮುಕ್ತಿ ಕೇಂದ್ರಗಳ ಜಾಹೀರಾತು. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ಅವು ಎಎ ಅಲ್ಲ. ಗುರುತು ಹಿಡಿಯುವುದು ಸುಲಭ: ಮುಂಗಡ ಕೇಳಿದರೆ, "ಗಾಡಿ ಕಳಿಸಿ ಎತ್ತಿಕೊಂಡು ಹೋಗ್ತೀವಿ" ಅಂದರೆ, ಅದು ಎಎ ಆಗಿರುವುದಕ್ಕೆ ಸಾಧ್ಯವೇ ಇಲ್ಲ. ಎಎ ಯಾರನ್ನೂ ಎತ್ತಿಕೊಂಡು ಹೋಗುವುದಿಲ್ಲ.

"ಎಎ ಇಂಡಿಯಾ" ಅಂತಲೋ "ಆಲ್ಕೊಹಾಲಿಕ್ಸ್ ಅನಾನಿಮಸ್" ಅಂತ ಪೂರ್ತಿ ಹೆಸರು ಮತ್ತು ನಿಮ್ಮ ಊರಿನ ಹೆಸರು ಹಾಕಿಯೋ ಹುಡುಕಿ. ಭಾರತದ ಎಎಯ ಮುಖ್ಯ ಕಚೇರಿ ಮುಂಬೈಯಲ್ಲಿದೆ. ಅದರ ವೆಬ್‌ಸೈಟಿನಿಂದ ನಿಮ್ಮ ಕಡೆಯ ಸಹಾಯವಾಣಿ ನಂಬರು ತೆಗೆದುಕೊಳ್ಳಬಹುದು. ಆ ನಂಬರಿನಲ್ಲಿ ಮಾತಾಡುವವರೂ ಒಂದು ಕಾಲದಲ್ಲಿ ಕುಡಿಯುತ್ತಿದ್ದವರೇ. ಪೀಠಿಕೆ ಹಾಕಬೇಕಾಗಿಲ್ಲ.

ಇಂಟರ್‌ನೆಟ್ ಬೇಡ ಅಂದರೆ ಆಸ್ಪತ್ರೆಯಲ್ಲಿ ಕೇಳಿ. ಮನೋರೋಗ ವಿಭಾಗದ ಸೋಷಿಯಲ್ ವರ್ಕರ್‌ಗಳಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ನಮಗೆ ಸರಿಯಾದ ನಂಬರು ಸಿಕ್ಕಿದ್ದು ಹೀಗೇ. ಒಪಿಡಿಯಲ್ಲಿ ಒಬ್ಬ ಮೇಡಂ ಮಾತ್ರೆ ಚೀಟಿಯ ಹಿಂದೆ ಬರೆದುಕೊಟ್ಟರು.

ಬೆಂಗಳೂರಿನಲ್ಲಿ ಕನ್ನಡ, ತಮಿಳು, ಇಂಗ್ಲಿಷ್ ಮೀಟಿಂಗ್‌ಗಳು ಬೇರೆ ಬೇರೆ ನಡೆಯುತ್ತವೆ. ಭಾಷೆ ನೋಡಿಕೊಂಡು ಹೋಗಿ. ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುವವರಿಗೂ ಅಪ್ಪನ ವಿಷಯ ಬಂದಾಗ ಕನ್ನಡವೇ ಬೇಕಾಗುತ್ತದೆ. ಹೊರದೇಶದಲ್ಲಿರುವ ಕನ್ನಡಿಗರು ಹತ್ತಿರದ ಮೀಟಿಂಗ್ ಹುಡುಕಲು ಎಎಯದ್ದೇ "ಮೀಟಿಂಗ್ ಗೈಡ್" ಆ್ಯಪ್ ನೋಡಬಹುದು. ಆನ್‌ಲೈನ್ ಮೀಟಿಂಗ್‌ಗಳೂ ಇವೆ, ಕ್ಯಾಮೆರಾ ಆಫ್ ಇಟ್ಟು ಕೇಳಬಹುದು. ಹೊರಗೆ ಹೋಗಲು ತೀರಾ ಮುಜುಗರ ಇದ್ದವರು ಅಲ್ಲಿಂದ ಶುರು ಮಾಡಲಿ. ಆದರೆ ಅಲ್ಲೇ ನಿಂತುಬಿಡಬೇಡಿ ಅಂತ ನನ್ನ ಅನಿಸಿಕೆ. ಮೊಬೈಲಿನಲ್ಲಿ ಲೀವ್ ಬಟನ್ ಒತ್ತುವುದು ತುಂಬಾ ಸುಲಭ.

ವಿಳಾಸ ನೋಡಿದರೆ ಎಷ್ಟೋ ಮೀಟಿಂಗ್‌ಗಳು ಚರ್ಚಿನ ಆವರಣದಲ್ಲೋ ಶಾಲೆಯಲ್ಲೋ ಇರುತ್ತವೆ. ನಮ್ಮಕ್ಕನಿಗೆ ಇದೇ ದೊಡ್ಡ ಅನುಮಾನ ಆಗಿತ್ತು. "ಮತ ಬದಲಾಯಿಸ್ತಾರೇನೋ" ಅಂದಳು. ಹಾಗೇನಿಲ್ಲ. ಕಡಿಮೆ ಬಾಡಿಗೆಗೆ ರೂಮು ಸಿಗುತ್ತೆ ಅಂತ ಅಲ್ಲಿ ಸೇರುತ್ತಾರೆ. ಎಎ ಯಾವ ಧರ್ಮಕ್ಕೂ ಪಕ್ಷಕ್ಕೂ ಸೇರಿದ್ದಲ್ಲ.

ಫೋನ್ ಮಾಡಿ, ಅದೂ ಹೋಗುವ ದಿನವೇ

ನಾನು ತಪ್ಪಿದ್ದು ಇಲ್ಲೇ. ರೂಮು ಬದಲಾಗುತ್ತಿರುತ್ತದೆ. ಪರೀಕ್ಷೆ ಬಂತು, ಶಾಲೆಯವರು ರೂಮು ಕೊಡಲಿಲ್ಲ, ಹಬ್ಬ ಬಂತು. ಹೋಗುವ ದಿನ ಮಧ್ಯಾಹ್ನ ಫೋನ್ ಮಾಡಿ ಇಷ್ಟು ಕೇಳಿ:

- ಇವತ್ತು ಮೀಟಿಂಗ್ ಇದೆಯಾ? ಎಷ್ಟು ಗಂಟೆಗೆ, ಯಾವ ಬಾಗಿಲು, ಎಷ್ಟನೇ ಮಹಡಿ?
- ಓಪನ್ನಾ, ಕ್ಲೋಸ್ಡಾ? ಓಪನ್ ಮೀಟಿಂಗ್‌ಗೆ ಮನೆಯವರೂ ಬಂದು ಕೂರಬಹುದು. ಕ್ಲೋಸ್ಡ್ ಅಂದರೆ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ.
- ಕನ್ನಡದಲ್ಲಿ ನಡೆಯುತ್ತಾ?
- ಹೆಂಗಸರು ಬರ್ತಾರಾ? ಹೋಗುವವರು ಹೆಣ್ಣುಮಗಳಾದರೆ ಇದನ್ನು ತಪ್ಪದೆ ಕೇಳಿ. ಹೆಂಗಸರದ್ದೇ ಮೀಟಿಂಗ್ ಎಲ್ಲಿದೆ ಅಂತಲೂ ವಿಚಾರಿಸಿ.

ಐದನೆಯ ಪ್ರಶ್ನೆ ಒಂದಿದೆ, ಎಲ್ಲಕ್ಕಿಂತ ಮುಖ್ಯವಾದದ್ದು. "ಯಾರಾದ್ರೂ ಹೊರಗೆ ನಿಂತು ಕರ್ಕೊಂಡು ಹೋಗ್ತೀರಾ?" ಇದನ್ನು ಕೇಳೋಕೆ ಸಂಕೋಚ ಬೇಡ. ಅವರು ಇದಕ್ಕೇ ಕಾಯುತ್ತಿರುತ್ತಾರೆ. ನಮಗೆ ಫೋನಿನಲ್ಲಿ ಸಿಕ್ಕಿದವರು, "ಮೆಡಿಕಲ್ ಶಾಪ್ ಮುಂದೆ ನಿಂತಿರ್ತೀನಿ, ಕೈಯಲ್ಲಿ ನೀಲಿ ಫ್ಲಾಸ್ಕ್ ಇರುತ್ತೆ" ಅಂದರು. ಆಮೇಲೆ, "ಫೋನ್ ಅವ್ರಿಗೇ ಕೊಡಿ, ನೀವ್ಯಾಕೆ ಮಾತಾಡ್ತಿದೀರಿ" ಅಂತ ನಕ್ಕರು. ಭಾವ ಒಳಗಿನ ರೂಮಿಗೆ ಫೋನ್ ತಗೊಂಡು ಹೋದವರು ಅರ್ಧ ಗಂಟೆ ಹೊರಗೆ ಬರಲಿಲ್ಲ.

ಹೋಗುವ ದಿನ

ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕು ಹೊತ್ತಿನಲ್ಲೇ ಕುಡಿಯಬೇಕು ಅನಿಸುವುದು ಜಾಸ್ತಿ ಅಂತ ಅಲ್ಲಿ ಪದೇ ಪದೇ ಹೇಳುತ್ತಾರೆ. ಹತ್ತು ನಿಮಿಷ ಮುಂಚೆ ಮುಟ್ಟಿ. ತಡವಾಗಿ ಹೋದರೆ ಎಲ್ಲರೂ ತಿರುಗಿ ನೋಡುತ್ತಾರೆ ಅನ್ನುವ ನೆಪದಲ್ಲಿ ವಾಪಸ್ ಬಂದವರು ಬೇಕಾದಷ್ಟು. ದಾರಿಯಲ್ಲಿ ಮಾಮೂಲಿ ಬಾರು ಬರುತ್ತಿದ್ದರೆ ಬೇರೆ ರಸ್ತೆ ಹಿಡಿಯಿರಿ, ಎರಡು ಕಿಲೋಮೀಟರ್ ಸುತ್ತಾದರೂ ಸರಿ. ಅವತ್ತು ಕುಡಿದಿದ್ದರೂ ಹೋಗಬಹುದು. ಗಲಾಟೆ ಮಾಡದೆ ಹಿಂದೆ ಕೂತು ಕೇಳಿದರಾಯಿತು.

"ಗುರುತಿನವರು ಸಿಕ್ಕರೆ?" ಇದು ಎಲ್ಲರ ಭಯ. ಸಿಕ್ಕರೆ ಅವರೂ ಅದೇ ಕೆಲಸಕ್ಕೆ ಬಂದಿರುತ್ತಾರೆ ಅಲ್ವಾ?

ನಾವು ಹೋದ ಜಾಗದಲ್ಲಿ ಬೋರ್ಡ್ ಇರಲಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿಗಳ ಸಾಲು. ಭಾವ ನಿಂತು ಎಣಿಸಿದರು. ಹನ್ನೊಂದು ಜೊತೆ. ಹರಿದ ಹವಾಯಿ ಚಪ್ಪಲಿ ಪಕ್ಕದಲ್ಲಿ ಹೊಳೆಯುವ ಕಪ್ಪು ಶೂ. "ಶೂ ನೋಡಿದ್ರೆ ದೊಡ್ಡ ಆಫೀಸರ್ ತರ ಕಾಣ್ತಾನೆ ಕಣೋ" ಅಂದರು. ಅವರ ಮುಖದಲ್ಲಿ ಅವತ್ತು ಮೊದಲ ಸಲ ಸ್ವಲ್ಪ ನಗು ಕಂಡೆ. ತಮ್ಮ ಚಪ್ಪಲಿಯನ್ನು ಬೇಗ ಸಿಗುವಂತೆ ತುದಿಯಲ್ಲಿ ಬಿಟ್ಟು ಮೇಲೆ ಹತ್ತಿದರು. ಅವತ್ತಿನದು ಕ್ಲೋಸ್ಡ್ ಮೀಟಿಂಗ್. ನಾನು ಕೆಳಗೆ ಬೈಕಿನ ಮೇಲೆ ಕೂತೆ.

ಒಳಗೆ ಏನಾಗುತ್ತದೆ

ಇದು ನಾನು ಆಮೇಲೆ ಓಪನ್ ಮೀಟಿಂಗ್‌ಗಳಲ್ಲಿ ಕಂಡದ್ದು. ಒಂದು, ಒಂದೂವರೆ ಗಂಟೆ ನಡೆಯುತ್ತದೆ. ಪ್ಲಾಸ್ಟಿಕ್ ಕುರ್ಚಿ, ಮುಂದೊಂದು ಮೇಜು. ಒಂದು ನಿಮಿಷ ಎಲ್ಲರೂ ಸುಮ್ಮನಿರುತ್ತಾರೆ. ಚಿಕ್ಕದೊಂದು ಪ್ರಾರ್ಥನೆ: ಬದಲಾಯಿಸಲು ಆಗದ್ದನ್ನು ಒಪ್ಪಿಕೊಳ್ಳುವ ಸಮಾಧಾನ ಕೊಡು, ಆಗುವುದನ್ನು ಬದಲಾಯಿಸುವ ಧೈರ್ಯ ಕೊಡು, ಯಾವುದು ಯಾವುದು ಅಂತ ತಿಳಿಯುವ ಬುದ್ಧಿ ಕೊಡು ಅಂತ. ಎಎ ಅಂದರೇನು ಅಂತ ಒಬ್ಬರು ಓದುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ "ಶೇರ್" ಮಾಡುತ್ತಾರೆ.

"ಇವತ್ತು ಹೊಸಬರು ಯಾರಾದ್ರೂ ಬಂದಿದೀರಾ?" ಅಂತ ಕೇಳಬಹುದು. ಕೈ ಎತ್ತಿದರೆ ಸಂತೋಷ, ಎತ್ತದಿದ್ದರೂ ಬಲವಂತ ಇಲ್ಲ. ಹೆಸರು ಒಂದೇ ಸಾಕು. ಊರು, ಮನೆತನ, ಕೆಲಸ ಯಾವುದೂ ಬೇಡ. ಮಾತಾಡಲು ಇಷ್ಟವಿಲ್ಲದಿದ್ದರೆ "ಇವತ್ತು ಕೇಳೋಕೆ ಬಂದಿದೀನಿ" ಅನ್ನಿ. ಅಷ್ಟಕ್ಕೂ ಥ್ಯಾಂಕ್ಸ್ ಹೇಳುತ್ತಾರೆ.

ಒಬ್ಬರು ಹೇಳುವಾಗ ಇನ್ನೊಬ್ಬರು ಮಧ್ಯೆ ಬಾಯಿ ಹಾಕುವುದಿಲ್ಲ. ಸಲಹೆ ಕೊಡುವುದಿಲ್ಲ, "ಅಯ್ಯೋ ಹೀಗ್ ಮಾಡ್ಬಾರ್ದಿತ್ತು" ಅನ್ನುವುದಿಲ್ಲ. ನಮ್ಮ ಮನೆಗಳಲ್ಲಿ ಇದು ಎಷ್ಟು ಅಪರೂಪ! ಕುಡಿಯುವವರಿಗೆ ನಮ್ಮಲ್ಲಿ ಬುದ್ಧಿ ಹೇಳದವರಿಲ್ಲ, ಐದು ನಿಮಿಷ ಕೂತು ಕೇಳಿದವರು ಮಾತ್ರ ಕಡಿಮೆ.

ಅಳುವುದಕ್ಕಿಂತ ನಗುವುದೇ ಜಾಸ್ತಿ ಅನ್ನುವುದು ನನಗೆ ಆಶ್ಚರ್ಯ ತಂದಿತು. ನಡುವೆ ಒಂದು ಡಬ್ಬಿಯೋ ಚೀಲವೋ ಬರುತ್ತದೆ. ಹತ್ತೋ ಇಪ್ಪತ್ತೋ ಹಾಕುತ್ತಾರೆ, ರೂಮಿನ ಬಾಡಿಗೆ, ಟೀ ಖರ್ಚಿಗೆ. ಎಎ ಹೊರಗಿನವರಿಂದ ದುಡ್ಡು ಮುಟ್ಟುವುದಿಲ್ಲ. ಮೊದಲ ಸಲ ಹೋದವರು ಹಾಕದೆ ಮುಂದಕ್ಕೆ ದಾಟಿಸಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ದೇವರ ಮಾತು ಬರುತ್ತದೆ. ಕುಡಿತ ಬಿಡುವ ದಾರಿಯನ್ನು ಎಎಯಲ್ಲಿ ಹನ್ನೆರಡು ಮೆಟ್ಟಿಲುಗಳಾಗಿ ಹೇಳುತ್ತಾರೆ. ಅವುಗಳಲ್ಲಿ ಮೊದಲನೆಯದು, ಕುಡಿತದ ಮುಂದೆ ನನ್ನ ಆಟ ನಡೆಯುವುದಿಲ್ಲ ಅಂತ ಒಪ್ಪಿಕೊಳ್ಳುವುದು. ಮುಂದಿನವುಗಳಲ್ಲಿ ದೇವರು ಬರುತ್ತಾನೆ, ಆದರೆ "ನಾವು ಅರ್ಥ ಮಾಡಿಕೊಂಡ ಹಾಗಿನ" ದೇವರು. ಒಬ್ಬರಿಗೆ ಅದು ಮಂಜುನಾಥ, ಇನ್ನೊಬ್ಬರಿಗೆ ಆ ರೂಮಿನಲ್ಲಿ ಕೂತ ಜನ. ನಂಬಿಕೆಯೇ ಇಲ್ಲದವರಿಗೆ ಇದು ಗಂಟಲಲ್ಲಿ ಇಳಿಯದೇ ಇರಬಹುದು, ಅದು ತಪ್ಪಲ್ಲ. ಅಂಥವರು ಸ್ಮಾರ್ಟ್ ರಿಕವರಿ ಅನ್ನುವ ಗುಂಪಿನ ಆನ್‌ಲೈನ್ ಮೀಟಿಂಗ್ ನೋಡಬಹುದು. ಅಲ್ಲಿ ದೇವರಿಲ್ಲ, ಯೋಚನೆ ಮತ್ತು ಅಭ್ಯಾಸ ಬದಲಾಯಿಸುವ ಪಾಠಗಳಿವೆ.

ಒಂದೇ ಮೀಟಿಂಗ್ ನೋಡಿ ತೀರ್ಮಾನ ಮಾಡಬೇಡಿ

ಒಂದು ಹೋಟೆಲಿನ ದೋಸೆ ಚೆನ್ನಾಗಿಲ್ಲ ಅಂತ ಯಾರೂ ದೋಸೆ ತಿನ್ನುವುದನ್ನೇ ಬಿಡುವುದಿಲ್ಲ. ಒಂದು ಗುಂಪಿನಲ್ಲಿ ಎಲ್ಲರೂ ವಯಸ್ಸಾದವರು, ಇನ್ನೊಂದರಲ್ಲಿ ಒಬ್ಬರೇ ಅರ್ಧ ಗಂಟೆ ಮಾತಾಡುತ್ತಾರೆ. ಕನಿಷ್ಠ ಐದಾರು ಮೀಟಿಂಗ್, ಎರಡು ಮೂರು ಬೇರೆ ಬೇರೆ ಗುಂಪು ನೋಡಿ. ಹಳಬರು ತೊಂಬತ್ತು ದಿನಕ್ಕೆ ತೊಂಬತ್ತು ಮೀಟಿಂಗ್ ಅನ್ನುತ್ತಾರೆ. ಸಣ್ಣ ಊರಿನಲ್ಲಿ ವಾರಕ್ಕೆ ಒಂದೋ ಎರಡೋ ಮೀಟಿಂಗ್ ಇದ್ದರೆ ಅದು ಆಗದ ಮಾತು. ಉಳಿದ ದಿನಗಳಿಗೆ ಫೋನ್ ಇದೆ.

ಅದಕ್ಕೇ ಮೊದಲ ದಿನವೇ ಮೂರು ನಂಬರು ಇಸ್ಕೊಂಡು ಬನ್ನಿ. ಹೆಂಗಸರು ಹೆಂಗಸರದ್ದೇ ನಂಬರು ತೆಗೆದುಕೊಳ್ಳಿ. ಹೊಸ ಹೆಣ್ಣುಮಕ್ಕಳ ಹಿಂದೆ ಬೀಳುವ ಗಂಡಸರು ಎಲ್ಲ ಕಡೆ ಇರುವಂತೆ ಇಲ್ಲೂ ಒಬ್ಬಿಬ್ಬರು ಇರಬಹುದು. ಸಾಲ ಕೇಳುವವರಿಗೂ ಇದೇ ಮಾತು, ನಕ್ಕು ಇಲ್ಲ ಅನ್ನಿ.

ಕೆಲವು ವಾರ ಕಳೆದ ಮೇಲೆ ಒಬ್ಬ ಸ್ಪಾನ್ಸರ್ ಹುಡುಕಿಕೊಳ್ಳಿ. ಹೆಸರು ಕೇಳಿ ದುಡ್ಡು ಕೊಡುವವರು ಅಂದುಕೊಳ್ಳಬೇಡಿ. ನಿಮಗಿಂತ ಮುಂಚೆ ಕುಡಿತ ಬಿಟ್ಟು, ಮೆಟ್ಟಿಲುಗಳನ್ನು ಹತ್ತಿ ಬಂದವರು, ರಾತ್ರಿ ಹನ್ನೊಂದಕ್ಕೆ ಕುಡಿಯಬೇಕು ಅನಿಸಿದಾಗ ಫೋನ್ ಎತ್ತುವವರು.

ಕ್ಯಾಲೆಂಡರ್ ಮುಂದಿಟ್ಟುಕೊಂಡು ಕಷ್ಟದ ದಿನಗಳಿಗೆ ಗುರುತು ಹಾಕಿ. ಸಂಬಳದ ದಿನ, ಹೊಸತೊಡಕು, ಬೀಗರ ಊಟ, ಊರ ಮಾರಿಹಬ್ಬ. ಬೀಗರ ಊಟಕ್ಕೆ ಹೋಗಲೇಬೇಕಾದರೆ ಮಧ್ಯಾಹ್ನ ಊಟ ಮುಗಿಸಿ ಸಂಜೆಯ ಮೀಟಿಂಗ್‌ಗೆ ಹೊರಟುಬಿಡಿ. "ಮಾತ್ರೆ ತಗೋತಿದೀನಿ, ಡಾಕ್ಟ್ರು ಬೇಡ ಅಂದಿದಾರೆ" ಅನ್ನುವ ಒಂದು ಮಾತು ಇಟ್ಟುಕೊಂಡಿರಿ. ನಮ್ಮ ಜನ ಅದಕ್ಕೆ ಬೇಗ ಸುಮ್ಮನಾಗುತ್ತಾರೆ.

ಜಾರಿದರೆ? ಮರುದಿನವೇ ಮೀಟಿಂಗ್‌ಗೆ ಹೋಗಿ. ಅಲ್ಲಿ ಅದನ್ನು "ಸ್ಲಿಪ್" ಅನ್ನುತ್ತಾರೆ, ಬಯ್ಯುವುದಿಲ್ಲ. ಭಾವ ಏಳನೇ ವಾರದಲ್ಲಿ ಜಾರಿದರು. ಮೂರು ದಿನ ತಪ್ಪಿಸಿಕೊಂಡು ಓಡಾಡಿದರು. ನಾಲ್ಕನೇ ದಿನ ಆ ನೀಲಿ ಫ್ಲಾಸ್ಕಿನವರು ಮನೆ ಮುಂದೆ ಬಂದು ಹಾರ್ನ್ ಹೊಡೆದರು. ಅಷ್ಟೇ, ಒಳಗೂ ಬರಲಿಲ್ಲ.

ಹಳ್ಳಿ ಕಡೆಯವರಿಗೆ

ಎಎ ಇಲ್ಲದ ಊರುಗಳಲ್ಲಿ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯವರು ನಡೆಸುವ ಮದ್ಯವರ್ಜನ ಶಿಬಿರಗಳಿವೆ. ಊರಿನ ಕಲ್ಯಾಣ ಮಂಟಪದಲ್ಲೋ ಸಭಾಭವನದಲ್ಲೋ ಎಂಟು ದಿನ ಅಲ್ಲೇ ಉಳಿಯಬೇಕು. ವಿಚಾರಿಸುವುದು ಸುಲಭ. ನಿಮ್ಮೂರಿನ ಸ್ವಸಹಾಯ ಸಂಘದ ಹೆಂಗಸರನ್ನೋ ಯೋಜನೆಯ ಸೇವಾಪ್ರತಿನಿಧಿಯನ್ನೋ ಕೇಳಿದರೆ ಮುಂದಿನ ಶಿಬಿರ ಎಲ್ಲಿ ಅಂತ ಹೇಳುತ್ತಾರೆ. ಶಿಬಿರ ಮುಗಿಸಿದವರು ಮತ್ತೆ ಸೇರುತ್ತಿರಲಿ ಅಂತ ನವಜೀವನ ಸಮಿತಿಗಳನ್ನು ಮಾಡಿದ್ದಾರೆ. ಶಿಬಿರಕ್ಕೆ ಹಾರ ಹಾಕಿ ಕಳಿಸಿಕೊಡುವ ಮನೆಯವರು ಈ ಸಮಿತಿಯನ್ನು ಮರೆತುಬಿಡುತ್ತಾರೆ. ಎಂಟು ದಿನಕ್ಕಿಂತ ಒಂಬತ್ತನೆಯ ದಿನ ಕಷ್ಟ, ಸಮಿತಿಗೆ ಹೋಗುತ್ತಿದ್ದಾರಾ ಅಂತ ನೋಡಿಕೊಳ್ಳಿ.

ಮನೆಯವರಿಗೆ

ಮನೆಯವರಿಗೇ ಅಂತ ಬೇರೆ ಮೀಟಿಂಗ್ ಇದೆ, ಅಲ್-ಅನಾನ್ ಅಂತ. 1951ರಲ್ಲಿ ಇದನ್ನು ಶುರು ಮಾಡಿದವರಲ್ಲಿ ಬಿಲ್ ವಿಲ್ಸನ್ ಹೆಂಡತಿ ಲೋಯಿಸ್ ಒಬ್ಬರು. ಗಂಡ ಕುಡಿತ ಬಿಡಲಿ, ಬಿಡದಿರಲಿ, ನೀವು ಹೋಗಬಹುದು. "ಇದು ನನ್ನಿಂದ ಆಗಿದ್ದಲ್ಲ, ಇದನ್ನು ತಡೆಯುವುದು ನನ್ನ ಕೈಯಲ್ಲಿಲ್ಲ, ವಾಸಿ ಮಾಡುವುದೂ ನನ್ನ ಕೈಯಲ್ಲಿಲ್ಲ" ಅನ್ನುವುದು ಅಲ್ಲಿ ಕಲಿಸುವ ಮೊದಲ ಪಾಠ. ನಮ್ಮಕ್ಕ ಹದಿನಾಲ್ಕು ವರ್ಷ ಬೇರೆಯೇ ನಂಬಿಕೊಂಡಿದ್ದಳು. ಬಾಗಿಲು ತೆಗೆಯುವಾಗ ಬಾಯಿ ವಾಸನೆ ನೋಡುವುದು, ಜೇಬು ತಡಕುವುದು, ಟ್ಯಾಂಕಿನ ಹಿಂದೆ ಬಾಟಲಿ ಹುಡುಕುವುದು ಅವಳ ದಿನಚರಿಯೇ ಆಗಿಹೋಗಿತ್ತು.

ಮೊದಲ ಮೀಟಿಂಗ್ ಮುಗಿಸಿ ಬರುವವರಿಗಾಗಿ ನೀವು ಮಾಡಬೇಕಾದ್ದು ಇಷ್ಟೇ. "ಏನ್ ಹೇಳಿದ್ರು? ಏನ್ ಹೇಳಿದ್ರಿ?" ಅಂತ ಬಾಗಿಲಲ್ಲೇ ಹಿಡಿದು ಕೇಳಬೇಡಿ. ಅವತ್ತು ರಾತ್ರಿ ಭಾವ ಒಂಬತ್ತೂ ಕಾಲಿಗೆ ಮನೆಗೆ ಬಂದರು. ಅಕ್ಕ ಬಾಗಿಲು ತೆಗೆದಳು. ಮುಖದ ಹತ್ತಿರ ಹೋಗಲಿಲ್ಲ, ನಾನು ನೋಡುತ್ತಿದ್ದೆ, ಅವಳು ಬೇಕಂತಲೇ ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. "ಸಾರು ಬಿಸಿ ಮಾಡ್ಲಾ?" ಅಂದಳು. ಭಾವ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ಕೊಟ್ಟರು.